ಹೃದಯ ವೈಫಲ್ಯದವರಿಗೆ ಮನೆಯಲ್ಲೇ ನಿಗಾ: ಜಿಲ್ಲಾ ಕೇಂದ್ರದಿಂದ ಹಳ್ಳಿಗಳಿಗೆ ಕಾರ್ಯಕ್ರಮ ಹಬ್ಬಿಸುವ ಬಗೆ

ಹೃದಯ ವೈಫಲ್ಯಕ್ಕೆ (ಹೃದಯದ ಪಂಪ್ ಕೆಲಸ ಸಾಲದೆ ಮೈಯಲ್ಲಿ ನೀರು ನಿಂತು ತೂಕ ಏರುವ ಕಾಯಿಲೆ) ದಾಖಲಾಗಿ, ಕಾಲಿನ ಬಾವು ಇಳಿದು, ಉಸಿರು ಹದಕ್ಕೆ ಬಂದು ಮನೆಗೆ ಹೋದ ರೋಗಿಗೆ ಮುಂದಿನ ಮೂರು ತಿಂಗಳು ತೀರಾ ನಾಜೂಕಿನ ಕಾಲ. ಮತ್ತೆ ದಾಖಲಾಗುವುದು, ಸಾವು, ಎರಡೂ ಈ ಅವಧಿಯಲ್ಲೇ ಹೆಚ್ಚು. ದೇವದುರ್ಗದ ತಾಂಡಾದವರಿಗೋ ಕುಷ್ಟಗಿ ಕಡೆಯ ಹಳ್ಳಿಯವರಿಗೋ ಇಷ್ಟರಲ್ಲಿ ನಾಲ್ಕು ಸಲ ಜಿಲ್ಲಾ ಕೇಂದ್ರಕ್ಕೆ ಬನ್ನಿ ಎಂದರೆ, ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬರುವುದು ಕಷ್ಟದಲ್ಲಿ ಒಂದು ಸಲ. ಉಳಿದ ಕೆಲಸ ಮನೆಯಲ್ಲಿ, ತೂಕದ ಯಂತ್ರ ಮತ್ತು ಫೋನಿನಿಂದ ನಡೆಯಬೇಕು. ಈ ಬರಹ ತಾಲ್ಲೂಕು ಆಸ್ಪತ್ರೆಯ ವೈದ್ಯರು, ಎನ್‌ಸಿಡಿ (ಬಿಪಿ, ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನ ನರ್ಸ್‌ಗಳು, ಹಳ್ಳಿಯ ಆರೋಗ್ಯ ಮಂದಿರಗಳ ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು) ಮತ್ತು ಖಾಸಗಿ ಆಸ್ಪತ್ರೆಗಳ ಹೃದ್ರೋಗ ವಿಭಾಗದವರಿಗಾಗಿ. ಒಂದು ಆಸ್ಪತ್ರೆಯೊಳಗೆ ನಡೆಯುತ್ತಿರುವ ನಿಗಾ ವ್ಯವಸ್ಥೆಯನ್ನು ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಜಿಲ್ಲೆಯ ಉದ್ದಗಲಕ್ಕೆ ಒಯ್ಯುವುದು ಹೇಗೆ, ಎಲ್ಲೆಲ್ಲಿ ಅದು ಮುರಿದು ಬೀಳುತ್ತದೆ ಎಂಬುದು ಇಲ್ಲಿದೆ.

ಮೊದಲು ಉತ್ತರ ಕೊಡುವವರು, ಆಮೇಲೆ ಯಂತ್ರ

ಕಾರ್ಯಕ್ರಮ ಶುರು ಮಾಡುವವರು ಸಾಮಾನ್ಯವಾಗಿ ಯಂತ್ರ ಖರೀದಿಯಿಂದ, ಆ್ಯಪ್‌ನಿಂದ ಆರಂಭಿಸುತ್ತಾರೆ. ಅದು ತಿರುಗುಮುರುಗು. 2010ರಲ್ಲಿ ಪ್ರಕಟವಾದ ಅಮೆರಿಕದ ಟೆಲಿ-ಎಚ್‌ಎಫ್ ಅಧ್ಯಯನದಲ್ಲಿ 1,653 ರೋಗಿಗಳಿದ್ದರು. ನಿಗಾ ಗುಂಪಿನವರು ದಿನಾ ಒಂದು ಸ್ವಯಂಚಾಲಿತ ಫೋನ್ ವ್ಯವಸ್ಥೆಗೆ ಕರೆ ಮಾಡಿ ತೂಕ, ಲಕ್ಷಣಗಳನ್ನು ಒತ್ತಿ ತಿಳಿಸಬೇಕಿತ್ತು. ಆರು ತಿಂಗಳ ಕೊನೆಗೆ ಮರುದಾಖಲಾತಿಯಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಶೇ 14ರಷ್ಟು ಮಂದಿ ಒಂದು ಸಲವೂ ಅದನ್ನು ಬಳಸಲಿಲ್ಲ. ಕೊನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ಸಲವಾದರೂ ಕರೆ ಮಾಡುತ್ತಿದ್ದವರು ಶೇ 55 ಮಾತ್ರ. 2018ರಲ್ಲಿ ಬಂದ ಜರ್ಮನಿಯ ಟಿಐಎಂ-ಎಚ್‌ಎಫ್2 ಅಧ್ಯಯನದಲ್ಲಿ (1,571 ರೋಗಿಗಳು) ತೂಕ, ಬಿಪಿ, ಇಸಿಜಿ, ಆಮ್ಲಜನಕದ ಮಟ್ಟ ಎಲ್ಲವನ್ನೂ ದಿನದ 24 ಗಂಟೆಯೂ ವೈದ್ಯರು, ನರ್ಸ್‌ಗಳು ಕುಳಿತ ಕೇಂದ್ರವೊಂದು ನೋಡುತ್ತಿತ್ತು, ಔಷಧ ಬದಲಿಸುತ್ತಿತ್ತು. ಅಲ್ಲಿ ಸಾವು ಕಡಿಮೆಯಾಯಿತು. ಹೃದಯದ ಕಾರಣಕ್ಕೆ ಅನಿರೀಕ್ಷಿತವಾಗಿ ದಾಖಲಾಗಿ ಅಥವಾ ಸಾವಿನಿಂದ ಕಳೆದುಹೋಗುವ ದಿನಗಳು ವರ್ಷಕ್ಕೆ 24.2ರಿಂದ 17.8ಕ್ಕೆ ಇಳಿದವು.

ತೂಕ ಎರಡೂ ಕಡೆ ನೋಡಿದರು. ಜರ್ಮನಿಯಲ್ಲಿ ಮಾತ್ರ ಆ ಅಂಕಿ ಕಂಡವರ ಕೈಯಲ್ಲಿ ಔಷಧ ಬದಲಿಸುವ ಅಧಿಕಾರವಿತ್ತು. ಹಾಗಾಗಿ ಹೊಸ ತಾಲ್ಲೂಕಿಗೆ ಕಾಲಿಡುವ ಮುಂಚೆ ಮೂರು ಹೆಸರು ಕಾಗದದ ಮೇಲೆ ಇರಲಿ: ದಿನಾ ಪಟ್ಟಿ ನೋಡುವ ನರ್ಸ್, ಅವರು ರಜೆ ಹಾಕಿದ ದಿನ ನೋಡುವ ಇನ್ನೊಬ್ಬರು, ನರ್ಸ್ ಫೋನ್ ಮಾಡಿದರೆ ಅರ್ಧ ಗಂಟೆಯೊಳಗೆ ಎತ್ತುವ ವೈದ್ಯರು. ಎರಡನೆಯ ಹೆಸರೇ ಎಲ್ಲರೂ ಮರೆಯುವುದು. ನರ್ಸ್‌ಗೆ ಹೆರಿಗೆ ರಜೆ ಸಿಕ್ಕಿತೋ, ಲಸಿಕಾ ಅಭಿಯಾನಕ್ಕೆ ಹಾಕಿದರೋ, ಪಟ್ಟಿ ತೆರೆಯುವವರೇ ಇರುವುದಿಲ್ಲ.

ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ಲೆಕ್ಕ ಸರಳ. ಒಂದು ಕರೆಗೆ ಬರೆದುಕೊಳ್ಳುವುದೂ ಸೇರಿ 6 ನಿಮಿಷ ಬೇಕು. 80 ಮಂದಿಗೆ ವಾರಕ್ಕೊಂದು ಕರೆ ಎಂದರೆ 8 ಗಂಟೆ. ಅವರಲ್ಲಿ 20 ಮಂದಿ ಹೊಸದಾಗಿ ಬಿಡುಗಡೆಯಾದವರಾಗಿದ್ದು ವಾರಕ್ಕೆ ಎರಡು ಕರೆ ಬೇಕಾದರೆ ಇನ್ನೆರಡು ಗಂಟೆ. ಫೋನ್ ಎತ್ತದವರಿಗೆ ಮತ್ತೆ ಮತ್ತೆ ಮಾಡುವುದು, ಎಚ್ಚರಿಕೆ ಬಂದವರ ಹಿಂದೆ ಬೀಳುವುದು ಸೇರಿದರೆ ವಾರದ ಎರಡೂವರೆ ಪೂರ್ಣ ದಿನ. ಬೇರೆ ಕೆಲಸವೂ ಇರುವ ನರ್ಸ್‌ಗೆ 80ಕ್ಕಿಂತ ಹೆಚ್ಚು ಕೊಡಬೇಡಿ. 81ನೆಯವರು ಬಂದಾಗ ಇನ್ನೊಬ್ಬ ನರ್ಸ್ ಬೇಕು, ಇಲ್ಲವೇ ಒಬ್ಬರನ್ನು ತಿಂಗಳ ಕರೆಯ ಪಟ್ಟಿಗೆ ಸರಿಸಬೇಕು.

ಯಾರನ್ನು ಸೇರಿಸುವುದು

ಎಲ್ಲರನ್ನೂ ಒಮ್ಮೆಗೇ ಸೇರಿಸಿದರೆ ಯಾರನ್ನೂ ನೋಡಿಕೊಳ್ಳಲಾಗದು. ಕಳೆದ ಮೂರು ತಿಂಗಳಲ್ಲಿ ಹೃದಯ ವೈಫಲ್ಯಕ್ಕೆ ದಾಖಲಾದವರು ಮೊದಲು. ಒಂದೇ ವರ್ಷದಲ್ಲಿ ಎರಡು ಸಲ ದಾಖಲಾದವರು ಖಂಡಿತ. ಹೃದಯಾಘಾತವಾದ ಮೇಲೆ ಪಂಪ್ ದುರ್ಬಲವಾದವರ ಜೊತೆಗೆ, ಸಂಧಿವಾತದ ಜ್ವರದಿಂದ ಕವಾಟ ಕೆಟ್ಟ ಹೆಣ್ಣುಮಕ್ಕಳೂ ಬಾಣಂತನದ ಹೊತ್ತಿಗೆ ಹೃದಯ ಹಿಗ್ಗಿದವರೂ ನಮ್ಮ ಕಡೆ ಬರುತ್ತಾರೆ. ಕವಾಟಕ್ಕೆ ಶಸ್ತ್ರಚಿಕಿತ್ಸೆಯೋ ಬಲೂನ್ ಚಿಕಿತ್ಸೆಯೋ ಬೇಕಿರುವವರನ್ನು ಬರೀ ತೂಕ ನೋಡುತ್ತ ಕೂರಿಸಬಾರದು. ರೋಗಿಯ ಕೈಗೆ ಕೊಡುವ ನಿಗಾ ಕಾರ್ಡಿನಲ್ಲಿ ಇವರಿಗೆ ಮೊದಲ ಸಾಲೇ ‘ಕಲಬುರಗಿ ಅಥವಾ ಬೆಂಗಳೂರಿನ ಜಯದೇವಕ್ಕೆ ಕಳಿಸಬೇಕು, ದಿನಾಂಕ ಇಂಥದು’ ಎಂದಿರಲಿ.

ವಾರ್ಡಿನಲ್ಲೇ ಮುಗಿಸಬೇಕಾದ ಕೆಲಸ

ಬಿಡುಗಡೆಯ ದಿನ ಬೆಳಿಗ್ಗೆ, ರೋಗಿ ಮನೆಗೆ ಒಯ್ಯಲಿರುವ ಯಂತ್ರದ ಮೇಲೆಯೇ ಅವರನ್ನು ನಿಲ್ಲಿಸಿ ತೂಕ ನೋಡಿ. ವಾರ್ಡಿನ ಯಂತ್ರದಲ್ಲಿ 54.0 ಬಂದದ್ದು ಮನೆಯದರಲ್ಲಿ 55.6 ಬರಬಹುದು. ಇದನ್ನು ಮಾಡದಿದ್ದರೆ ಮೊದಲ ದಿನವೇ ಒಂದೂವರೆ ಕಿಲೋ ಏರಿತೆಂಬ ಸುಳ್ಳು ಎಚ್ಚರಿಕೆ ಬರುತ್ತದೆ, ಸುಮ್ಮನೆ ನೀರಿಳಿಸುವ ಮಾತ್ರೆ ಹೆಚ್ಚುತ್ತದೆ. ಮನೆಯ ಯಂತ್ರದ ಅಂಕಿಯೇ ಅವರ ಡ್ರೈ ವೇಟ್ (ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗಿನ ತೂಕ). ಅದನ್ನು ಕಾರ್ಡಿನಲ್ಲಿ ದೊಡ್ಡದಾಗಿ ಬರೆಯಿರಿ. ಊಟ ಸೇರಿ ಮೈ ತುಂಬಿಕೊಂಡರೆ ಅಥವಾ ಸೊರಗಿದರೆ ಈ ಅಂಕಿ ಬದಲಾಗುತ್ತದೆ, ಆದ್ದರಿಂದ ಪ್ರತಿ ಭೇಟಿಯಲ್ಲೂ ವೈದ್ಯರು ಅದನ್ನು ಹೊಸದಾಗಿ ಬರೆದು ಸಹಿ ಮಾಡಬೇಕು.

ಕಾರ್ಡಿನ ಉಳಿದ ಭಾಗದಲ್ಲಿ: ಎಕೋದಲ್ಲಿ ಬಂದ ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾವಾರು), ಬಿಡುಗಡೆಯ ದಿನದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ಅಂಕಿ) ಮತ್ತು ಪೊಟ್ಯಾಸಿಯಂ, ಬಿಪಿ, ನಾಡಿ, ಈಗಿನ ಮಾತ್ರೆಗಳು, ಮುಂದಿನ ರಕ್ತಪರೀಕ್ಷೆಯ ದಿನಾಂಕ, ಎರಡು ಫೋನ್ ನಂಬರ್. ಎರಡನೆಯ ನಂಬರ್ ಮನೆಯವರದ್ದಲ್ಲದೆ ಪಕ್ಕದ ಮನೆಯವರದ್ದೋ ಆಶಾ ಕಾರ್ಯಕರ್ತೆಯದ್ದೋ ಇರಲಿ. ಫೋನ್ ಮಗನ ಕೈಯಲ್ಲಿರುತ್ತದೆ, ಮಗ ಹೊಲದಲ್ಲಿರುತ್ತಾನೆ.

ಯಂತ್ರಗಳು

ತೂಕದ ಡಿಜಿಟಲ್ ಯಂತ್ರ 100 ಗ್ರಾಂ ವ್ಯತ್ಯಾಸ ತೋರಿಸಬೇಕು, ಅಂಕಿ ದೊಡ್ಡದಾಗಿರಬೇಕು. ಗುಂಡಿ ಸೆಲ್‌ಗಿಂತ ಪೆನ್‌ಸೆಲ್ ಹಾಕುವ ಯಂತ್ರ ಆರಿಸಿ. ಗುಂಡಿ ಸೆಲ್ ಹಳ್ಳಿಯ ಅಂಗಡಿಯಲ್ಲಿ ಸಿಗುವುದು ಕಷ್ಟ. ನಮ್ಮ ಮನೆಗಳ ಕಲ್ಲುಹಾಸಿನ ನೆಲ ಎಷ್ಟೋ ಕಡೆ ಏರುತಗ್ಗು. ಯಂತ್ರದ ನಾಲ್ಕು ಕಾಲುಗಳಲ್ಲಿ ಒಂದು ಸಂದಿನ ಮೇಲೆ ಕೂತರೆ ಅದೇ ಮನುಷ್ಯ ಎರಡು ಸಲ ನಿಂತಾಗ ಎರಡು ತೂಕ. ಮನೆಯಲ್ಲಿ ಸಮತಟ್ಟಾದ ಒಂದೇ ಕಲ್ಲು ಹುಡುಕಿ, ಸುಣ್ಣದಲ್ಲೋ ಬಣ್ಣದಲ್ಲೋ ಚೌಕ ಬರೆದು, ಯಂತ್ರ ಅಲ್ಲೇ ಇರುವಂತೆ ಮಾಡಿ. ಈ ಕೆಲಸ ಸಿಎಚ್‌ಒ ಅಥವಾ ಆಶಾ ಮೊದಲ ವಾರದ ಭೇಟಿಯಲ್ಲಿ ಮಾಡಲಿ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಹಾ ಕುಡಿಯುವ ಮುಂಚೆ, ಹೆಚ್ಚುಕಡಿಮೆ ಒಂದೇ ತೂಕದ ಬಟ್ಟೆಯಲ್ಲಿ ನಿಲ್ಲಬೇಕು. ಕಂಬಳಿ ಹೊದ್ದು ನಿಂತ ತೂಕ ಲೆಕ್ಕಕ್ಕಿಲ್ಲ. ಒಂದು ಓಣಿಯಲ್ಲಿ ಇಬ್ಬರು ರೋಗಿಗಳಿದ್ದರೂ ಒಂದೊಂದು ಯಂತ್ರ ಕೊಡಿ.

ಬಿಪಿ ಯಂತ್ರ ತೋಳಿಗೆ ಕಟ್ಟುವಂಥದ್ದೇ ಆಗಲಿ, ಮಣಿಕಟ್ಟಿನದು ಬೇಡ. ಸಣಕಲು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಬಿಪಿ ಕಡಿಮೆ ತೋರಿಸುತ್ತದೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಹೆಚ್ಚು ತೋರಿಸುತ್ತದೆ. ಐದು ನಿಮಿಷ ಕೂತ ಮೇಲೆ ಎರಡು ಸಲ ನೋಡಿ ಎರಡನ್ನೂ ಬರೆಯಬೇಕು. ನಾಡಿ ಲಯ ತಪ್ಪಿದವರಲ್ಲಿ ಯಂತ್ರದ ಅಂಕಿ ಹಾರಾಡುತ್ತದೆ. ಅವರ ನಾಡಿಯನ್ನು ಸಿಎಚ್‌ಒ ಒಂದು ಪೂರ್ಣ ನಿಮಿಷ ಕೈಯಲ್ಲೇ ಎಣಿಸಲಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಎಲ್ಲರಿಗೂ ಬೇಕಿಲ್ಲ. ನೀರು ತುಂಬುವ ಆರಂಭದಲ್ಲಿ ಆಮ್ಲಜನಕ ಸರಿಯಾಗಿಯೇ ಇರುತ್ತದೆ, 97 ನೋಡಿ ಮನೆಯವರು ಸುಮ್ಮನಾಗುತ್ತಾರೆ. ಹಣ ಕಡಿಮೆಯಿದ್ದರೆ ತೂಕದ ಯಂತ್ರಕ್ಕೆ ಹಾಕಿ, ಬಿಪಿಯನ್ನು ಆರೋಗ್ಯ ಮಂದಿರದಲ್ಲಿ ವಾರಕ್ಕೊಮ್ಮೆ ನೋಡಿಸಿ.

ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೀಪ್ಯಾಡ್ ಫೋನಿನವರಿಗೆ ಮಿಸ್ಡ್ ಕಾಲ್ ಕೊಡುವ ಒಂದು ನಂಬರ್, ಗೋಡೆಗೆ ತೂಗುಹಾಕಿದ ತಿಂಗಳ ಪಟ್ಟಿ, ನರ್ಸ್ ಕಡೆ ಒಂದು ಸ್ಪ್ರೆಡ್‌ಶೀಟ್ ಸಾಕು. ಬರೆಯಲು ಬಾರದವರ ಮನೆಯಲ್ಲಿ ಶಾಲೆಗೆ ಹೋಗುವ ಮೊಮ್ಮಕ್ಕಳು ಅಂಕಿ ಬರೆಯುವುದನ್ನು ಬೇಗ ಕಲಿಯುತ್ತಾರೆ.

ಫೋನಿನಲ್ಲಿ ಕೇಳುವುದು ಹೇಗೆ

‘ಆರಾಮ ಅದೀರೇನ್ರಿ?’ ಎಂದರೆ ‘ಆರಾಮ ಅದೀನ್ರಿ’ ಎಂಬ ಉತ್ತರವೇ ಬರುವುದು, ಕಾಲು ಬಾತು ತೊಡೆತನಕ ಬಂದಿದ್ದರೂ. ಆದ್ದರಿಂದ ಉತ್ತರ ಒಂದು ಅಂಕಿಯೋ ಒಂದು ಘಟನೆಯೋ ಆಗುವಂತೆ ಕೇಳಬೇಕು:

‘ಅಜ್ಜಾರ, ಇವತ್ತ ಮುಂಜಾನೆ ತೂಕ ಎಷ್ಟ ಬಂತ್ರಿ? ರಾತ್ರಿ ಎಷ್ಟ ದಿಂಬ ಇಟ್ಕೊಂಡು ಮಕ್ಕೊಂಡ್ರಿ? ನಡುರಾತ್ರಿ ದಮ್ಮ ಹತ್ತಿ ಎದ್ದು ಕುಂತ್ರೇನ್ರಿ? ಗುಡಿತನಕ ನಡಿಯೂಮುಂದ ಎಷ್ಟ ಸಲ ನಿಂತ್ರಿ? ಚಪ್ಪಲಿ ಬಿಗಿ ಆಗ್ಯಾವೇನ್ರಿ? ಯಾರರ ಸೂಜಿ ಮಾಡ್ಯಾರೇನ್ರಿ, ಸಲಾಯಿನ್ ಹಚ್ಯಾರೇನ್ರಿ?’

ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಸುಸ್ತು ಎಂದ ಕೂಡಲೇ ಒಂದು ಬಾಟಲಿ ಸಲಾಯಿನ್ ಏರಿಸಿಕೊಂಡು ಬರುವುದು ನಮ್ಮ ಹಳ್ಳಿಗಳ ರೂಢಿ. ಅರ್ಧ ಲೀಟರ್ ನಾರ್ಮಲ್ ಸಲೈನ್‌ನಲ್ಲಿ ನಾಲ್ಕೂವರೆ ಗ್ರಾಂ ಉಪ್ಪು ಇರುತ್ತದೆ, ಅದು ನೇರ ರಕ್ತಕ್ಕೆ. ದುರ್ಬಲ ಹೃದಯಕ್ಕೆ ಅದೊಂದೇ ಸಾಕು, ರಾತ್ರಿಯೊಳಗೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಸೂಜಿ, ಮಾತ್ರೆಯೂ ಅಷ್ಟೇ ಕೆಟ್ಟದ್ದು. ಅದು ಉಪ್ಪು, ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ, ಮೂತ್ರಪಿಂಡಕ್ಕೂ ಹೊಡೆತ. ಸ್ಟೀರಾಯ್ಡ್, ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಕೂಡ ಬಾವು ಏರಿಸುತ್ತವೆ. ಕಾರ್ಡಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ: ‘ಹೃದಯ ರೋಗಿ. ನಮ್ಮನ್ನು ಕೇಳದೆ ಸಲಾಯಿನ್, ನೋವಿನ ಸೂಜಿ ಬೇಡ.’ ಸಿರುಗುಪ್ಪ, ಸಿಂಧನೂರಿನ ಕ್ಯಾಂಪ್‌ಗಳಿಗೆ ತೆಲುಗಿನಲ್ಲೂ, ಬೇಕಾದ ಕಡೆ ಉರ್ದುವಿನಲ್ಲೂ ಇರಲಿ.

ಉಪ್ಪಿನ ಮಾತು ಬಂದಾಗ ‘ಉಪ್ಪು ಕಡಿಮೆ ಮಾಡಿ’ ಎಂದರೆ ಪಲ್ಯದ ಉಪ್ಪಷ್ಟೇ ಕಡಿಮೆಯಾಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ-ಒಗ್ಗರಣೆ, ರೊಟ್ಟಿ ಜೊತೆಯ ಚಟ್ನಿಪುಡಿ, ಒಂದೊಂದನ್ನೂ ಹೆಸರಿಟ್ಟು ಕೇಳಿ. ‘ಲೋ ಸೋಡಿಯಂ’ ಉಪ್ಪು ತಂದುಕೊಂಡಿದ್ದಾರೆಯೇ ಎಂದೂ ಕೇಳಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಪೊಟ್ಯಾಸಿಯಂ ಏರಿಸುವ ಸ್ಪಿರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಅಪಾಯ.

ಎಚ್ಚರಿಕೆ ಬಂದರೆ ಯಾರು ಏನು ಮಾಡಬೇಕು

ಇದು ಇಡೀ ಕಾರ್ಯಕ್ರಮದ ಬೆನ್ನೆಲುಬು, ಬರವಣಿಗೆಯಲ್ಲಿ ಇರಲೇಬೇಕು.

ಹಳದಿ: ಮೂರು ದಿನದಲ್ಲಿ 2 ಕಿಲೋ ಮೀರಿ ತೂಕ ಏರಿದರೆ, ಅಥವಾ ಒಂದು ದಿಂಬಿನಲ್ಲಿ ಮಲಗುತ್ತಿದ್ದವರಿಗೆ ಉಸಿರಾಡಲು ಎರಡು ದಿಂಬು ಬೇಕಾದರೆ, ಅಥವಾ ಕಣಕಾಲ ಮೇಲೆ ಹೆಬ್ಬೆರಳು ಒತ್ತಿದಾಗ ಗುಳಿ ಬಿದ್ದರೆ. ನರ್ಸ್ ಅದೇ ದಿನ ಕರೆ ಮಾಡಿ, ತೂಕವನ್ನು ಮತ್ತೊಮ್ಮೆ ನೋಡಿಸಿ, ಮಾತ್ರೆ ತಪ್ಪಿತೇ, ಸಲಾಯಿನ್ ಹಚ್ಚಿದರೇ ಎಂದು ಕೇಳಿ, ವೈದ್ಯರು ಆ ರೋಗಿಗೆಂದೇ ಮೊದಲೇ ಬರೆದಿಟ್ಟ ಆದೇಶ ಪಾಲಿಸಬೇಕು. ಉದಾಹರಣೆಗೆ ‘ಬೆಳಿಗ್ಗೆಯ ಫ್ಯೂರೊಸೆಮೈಡ್ (ನೀರಿಳಿಸುವ ಮಾತ್ರೆ) 40 ಮಿ.ಗ್ರಾಂ ಜೊತೆಗೆ ಮಧ್ಯಾಹ್ನ ಇನ್ನೊಂದು 40, ಮೂರು ದಿನ’. 48 ಗಂಟೆಯಲ್ಲಿ ತೂಕ ಇಳಿಯದಿದ್ದರೆ ತಾಲ್ಲೂಕು ಆಸ್ಪತ್ರೆಗೆ. ಮೂರು ದಿನ ಕಳೆದ ಮೇಲೆ ಹೆಚ್ಚುವರಿ ಮಾತ್ರೆ ನಿಲ್ಲಿಸಿದರೇ ಎಂದು ಕೇಳುವ ಕರೆಯೂ ಅಷ್ಟೇ ಮುಖ್ಯ. ಹೆಚ್ಚಿಸಿದ್ದು ಹಾಗೇ ಮುಂದುವರಿದು, ಮೂತ್ರಪಿಂಡ ಸೋತು ಬರುವವರು ಉಂಟು.

ಕೆಂಪು: ಕೂತಲ್ಲೇ ದಮ್ಮು, ನೊರೆ ಕಫ, ಎದೆನೋವು, ಪ್ರಜ್ಞೆ ತಪ್ಪುವುದು, ಆಮ್ಲಜನಕ 90ಕ್ಕಿಂತ ಕಡಿಮೆ, ನಾಡಿ 120 ದಾಟುವುದು. ಇಲ್ಲಿ ನರ್ಸ್‌ಗಾಗಿ ಕಾಯುವುದಿಲ್ಲ, ಮನೆಯವರೇ 108ಕ್ಕೆ ಕರೆ ಮಾಡಬೇಕು. ಎದೆನೋವಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಹಬ್‌ನ (ದೊಡ್ಡ ಕೇಂದ್ರದ) ತಜ್ಞರಿಗೆ ಕಳಿಸುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿದೆ. ನಿಮ್ಮ ತಾಲ್ಲೂಕಿನ ಯಾವ ಆಸ್ಪತ್ರೆ ಅದರಲ್ಲಿದೆ ಎಂದು ಮೊದಲೇ ತಿಳಿದು ಕಾರ್ಡಿನಲ್ಲಿ ಬರೆಯಿರಿ.

ಮೂರನೆಯದು ಕೆಳಮುಖದ ಎಚ್ಚರಿಕೆ. ಚಳಿ ದೇಶಗಳ ಪಟ್ಟಿಗಳನ್ನು ಹಾಗೇ ತಂದುಕೊಂಡವರು ಇದನ್ನು ಬಿಟ್ಟಿರುತ್ತಾರೆ, ನಮಗೆ ಇದು ಪ್ರಾಣದ ಪ್ರಶ್ನೆ. ಏಪ್ರಿಲ್, ಮೇ ತಿಂಗಳ ರಾಯಚೂರು, ಬಳ್ಳಾರಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ಹರಿಯುವಾಗ ಚಳಿಗಾಲದ ಪ್ರಮಾಣದಲ್ಲೇ ಫ್ಯೂರೊಸೆಮೈಡ್ ನುಂಗಿ, ‘ಒಂದೂವರೆ ಲೀಟರ್ ಮಾತ್ರ ನೀರು’ ಎಂಬ ಹಳೆಯ ಮಾತನ್ನೂ ಪಾಲಿಸಿದರೆ ಬಿಪಿ ಕುಸಿಯುತ್ತದೆ. ಡ್ರೈ ವೇಟ್‌ಗಿಂತ 2 ಕಿಲೋ ಇಳಿದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಮೇಲಿನ ಬಿಪಿ 90ಕ್ಕಿಂತ ಕೆಳಗೆ ಹೋದರೆ ಅದೇ ದಿನ ವೈದ್ಯರಿಗೆ ಫೋನ್. ಮಾರ್ಚ್ ಕೊನೆಯಲ್ಲಿ ಎಲ್ಲ ರೋಗಿಗಳ ನೀರಿಳಿಸುವ ಮಾತ್ರೆಯ ಪ್ರಮಾಣ ಮತ್ತು ನೀರಿನ ಮಿತಿಯನ್ನು ವೈದ್ಯರು ಒಮ್ಮೆ ಮರುಪರಿಶೀಲಿಸಲಿ, ಮಳೆ ಹಿಡಿದ ಮೇಲೆ ಇನ್ನೊಮ್ಮೆ. ವಾಂತಿ-ಭೇದಿ ಶುರುವಾದರೆ ಯಾವ ಮಾತ್ರೆಗಳನ್ನು ತಾತ್ಕಾಲಿಕವಾಗಿ ತಡೆಯಬೇಕೆಂದು ಕಾರ್ಡಿನಲ್ಲಿ ಇರಬೇಕು: ಸಾಮಾನ್ಯವಾಗಿ ಫ್ಯೂರೊಸೆಮೈಡ್, ಸ್ಪಿರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್ ಗುಂಪಿನವು. ರಂಜಾನ್ ಉಪವಾಸ ಹಿಡಿಯುವವರ ಜೊತೆ ತಿಂಗಳ ಮುಂಚೆಯೇ ಮಾತಾಡಿ.

ಬಾವು ಏರಿತು, ತೂಕ ಮಾತ್ರ ಏರಿಲ್ಲ ಎಂದಾದರೆ ಅಮ್ಲೋಡಿಪಿನ್ ನೆನಪಿಗೆ ಬರಲಿ. ಬಿಪಿಗೆಂದು ಕೊಡುವ ಈ ಮಾತ್ರೆ ತಾನಾಗಿಯೇ ಕಣಕಾಲು ಬಾಯಿಸುತ್ತದೆ, ಅದಕ್ಕೆ ನೀರಿಳಿಸುವ ಮಾತ್ರೆ ಹೆಚ್ಚಿಸಿ ಪ್ರಯೋಜನವಿಲ್ಲ.

ಔಷಧ ಏರಿಸುವುದೂ ನಿಗಾದ ಭಾಗವೇ

ಬರೀ ತೂಕ ಕಾಯುವ ಕಾರ್ಯಕ್ರಮ ಅರ್ಧ ಕೆಲಸ ಮಾಡುತ್ತದೆ. ಇಎಫ್ ಕಡಿಮೆಯಿರುವವರಿಗೆ ನಾಲ್ಕು ಗುಂಪಿನ ಔಷಧಗಳು ಆಯುಷ್ಯ ಹೆಚ್ಚಿಸುತ್ತವೆ: ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟನ್ ಅಥವಾ ಎನಲಾಪ್ರಿಲ್‌ನಂಥದ್ದು; ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಅಥವಾ ಮೆಟೊಪ್ರೊಲಾಲ್ ಸಕ್ಸಿನೇಟ್; ಸ್ಪಿರೊನೊಲ್ಯಾಕ್ಟೋನ್; ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. 2022ರ ಸ್ಟ್ರಾಂಗ್-ಎಚ್‌ಎಫ್ ಅಧ್ಯಯನದಲ್ಲಿ ಬಿಡುಗಡೆಯಾದ ಎರಡು ವಾರದೊಳಗೆ ಪೂರ್ಣ ಪ್ರಮಾಣಕ್ಕೆ ಏರಿಸಿ, 1, 2, 3 ಮತ್ತು 6ನೇ ವಾರ ರೋಗಿಯನ್ನು ನೋಡಿ, ರಕ್ತ ಪರೀಕ್ಷಿಸಿದವರಲ್ಲಿ ಸಾವು-ಮರುದಾಖಲಾತಿ ಕಡಿಮೆಯಾದವು. ನಮ್ಮಲ್ಲಿ ಆ ಭೇಟಿಗಳನ್ನು ಹಂಚಿಕೊಳ್ಳಬಹುದು: ಮೊದಲನೆಯದೂ ಮೂರನೆಯದೂ ಆರೋಗ್ಯ ಮಂದಿರದಲ್ಲಿ ಇ-ಸಂಜೀವನಿ (ಸರ್ಕಾರದ ಆನ್‌ಲೈನ್ ವೈದ್ಯ ಸಲಹೆಯ ಸೇವೆ) ಮೂಲಕ, ಎರಡನೆಯದು ತಾಲ್ಲೂಕಿನಲ್ಲಿ, ಆರನೆಯ ವಾರದ್ದು ಜಿಲ್ಲಾ ಕೇಂದ್ರದಲ್ಲಿ.

ಕ್ರಿಯಾಟಿನಿನ್, ಪೊಟ್ಯಾಸಿಯಂ ಇಲ್ಲದೆ ಇದು ನಡೆಯದು. ಸ್ಪಿರೊನೊಲ್ಯಾಕ್ಟೋನ್ ಶುರು ಮಾಡಿದ 1 ಮತ್ತು 4ನೇ ವಾರ ನೋಡಲೇಬೇಕು. ಪೊಟ್ಯಾಸಿಯಂ 5.5 ದಾಟಿದರೆ ಪ್ರಮಾಣ ಅರ್ಧಕ್ಕೆ, 6.0 ದಾಟಿದರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ. ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಸೀರಂ ಬೇರ್ಪಡಿಸದೆ ಬಿಸಿಲಲ್ಲಿ ಪ್ರಯಾಣಿಸಿ ಸಂಜೆ ಪ್ರಯೋಗಾಲಯ ತಲುಪಿದರೆ ಕೆಂಪು ಕಣಗಳು ಒಡೆದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ಅಂಥ ವರದಿ ಬಂದರೆ ರೋಗಿಯನ್ನೇ ಲ್ಯಾಬ್ ಇರುವ ಕಡೆ ಕರೆಸಿ ಅದೇ ದಿನ ಮತ್ತೆ ನೋಡಿ.

ಎರಡು ವ್ಯವಸ್ಥೆ ಸೇರುವ ಕಡೆ ಆಗುವ ಅನಾಹುತ

ರೋಗಿ ಒಂದೇ ಕಡೆ ತೋರಿಸುವುದಿಲ್ಲ. ರಾಯಚೂರಿನವರು ಹೈದರಾಬಾದಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ಬಳ್ಳಾರಿಯವರು ಬೆಂಗಳೂರಿಗೆ ಹೋಗಿ ಬರುತ್ತಾರೆ. ಮಾತ್ರೆಯ ಹೆಸರು ಬೇರೆ, ಒಳಗಿನ ಔಷಧ ಒಂದೇ ಆಗಿ ಎರಡೆರಡು ನುಂಗುವುದು ಸಾಮಾನ್ಯ. ಎಲ್ಲಕ್ಕಿಂತ ಕೆಟ್ಟದ್ದು ಇದು: ನಗರದ ತಜ್ಞರು ಸ್ಯಾಕ್ಯುಬಿಟ್ರಿಲ್-ವಲ್ಸಾರ್ಟನ್ ಬರೆದಿರುತ್ತಾರೆ, ಮನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಎನಲಾಪ್ರಿಲ್ ಉಳಿದಿರುತ್ತದೆ, ರೋಗಿ ಎರಡನ್ನೂ ನುಂಗುತ್ತಾರೆ. ತುಟಿ, ನಾಲಿಗೆ, ಗಂಟಲು ಬಾತು ಉಸಿರು ಕಟ್ಟಬಹುದು. ಎನಲಾಪ್ರಿಲ್ ನಿಲ್ಲಿಸಿ 36 ಗಂಟೆ ಕಳೆದ ಮೇಲೆಯೇ ಇನ್ನೊಂದನ್ನು ಶುರು ಮಾಡಬೇಕು. ಮೆಟೊಪ್ರೊಲಾಲ್ ಇಲ್ಲವೆಂದು ಅಟೆನೊಲಾಲ್ ಕೊಟ್ಟು ಕಳಿಸುವುದೂ ಸರಿಯಲ್ಲ, ಹೃದಯ ವೈಫಲ್ಯದಲ್ಲಿ ಅದರ ಲಾಭ ಸಾಬೀತಾಗಿಲ್ಲ.

ಇದಕ್ಕೆ ಮದ್ದು ಮಾತ್ರೆಚೀಲದ ತಪಾಸಣೆ. ತಿಂಗಳಿಗೊಮ್ಮೆ ಸಿಎಚ್‌ಒ ಮನೆಯ ಎಲ್ಲ ಸ್ಟ್ರಿಪ್‌ಗಳನ್ನೂ ಹೊರತೆಗೆಸಿ, ಔಷಧದ ಮೂಲ ಹೆಸರು ಓದಿ, ಕಾರ್ಡಿನ ಜೊತೆ ಹೋಲಿಸಿ, ನಿಲ್ಲಿಸಿದ್ದನ್ನು ಬೇರೆ ಚೀಲಕ್ಕೆ ಹಾಕಲಿ. ಖಾಸಗಿ ಆಸ್ಪತ್ರೆಗಳೊಂದಿಗಿನ ಒಪ್ಪಂದಕ್ಕೆ ದೊಡ್ಡ ದಾಖಲೆ ಬೇಡ. ಒಂದೇ ಪುಟದ ಕಾರ್ಡನ್ನು ಎರಡೂ ಕಡೆಯವರು ತುಂಬುವುದು, ಬದಲಾಯಿಸಿದ ಔಷಧವನ್ನು ಅದೇ ದಿನ ನರ್ಸ್‌ಗೆ ತಿಳಿಸುವುದು, ಇಷ್ಟಕ್ಕೆ ಒಪ್ಪಿದರೆ ಸಾಕು. ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ ಇದ್ದವರದ್ದು ಕಾರ್ಡಿನಲ್ಲಿ ಬರೆಯಿರಿ. ಟೆಲಿಮೆಡಿಸಿನ್ ಕುರಿತ 2020ರ ಕೇಂದ್ರದ ಮಾರ್ಗಸೂಚಿ ಪ್ರಕಾರ, ಕರೆ ನಮ್ಮ ಕಡೆಯಿಂದ ಹೋಗುವಾಗ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು. ಸೇರಿಸುವಾಗಲೇ ಪಡೆದು ದಾಖಲಿಸಿ. ವಾಟ್ಸ್‌ಆ್ಯಪ್ ಗುಂಪಿಗೆ ರೋಗಿಯ ಹೆಸರು, ವರದಿಯ ಫೋಟೊ ಹಾಕಬೇಡಿ.

ತಾಲ್ಲೂಕಿನಿಂದ ತಾಲ್ಲೂಕಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದರಿಂದ ಕಾರ್ಯಕ್ರಮದ ಮುಖ್ಯ ಕೇಂದ್ರಕ್ಕೆ ಜಾಗ ಹುಡುಕಬೇಕಿಲ್ಲ. ಒಂದೇ ತಾಲ್ಲೂಕಿನಿಂದ ಆರಂಭಿಸಿ. ಮುಂದಿನದಕ್ಕೆ ಹೋಗುವ ಮುಂಚೆ ಮೂರು ಅಂಕಿ ನೋಡಿ: ಬರಬೇಕಿದ್ದ ತೂಕಗಳಲ್ಲಿ ಎಷ್ಟು ಬಂದವು, ಹಳದಿ ಎಚ್ಚರಿಕೆಗಳಲ್ಲಿ ಅದೇ ದಿನ ಉತ್ತರ ಸಿಕ್ಕಿದ್ದು ಎಷ್ಟಕ್ಕೆ, ನಾಲ್ಕೂ ಗುಂಪಿನ ಔಷಧ ಯಾರ್ಯಾರಿಗೆ ಸಿಗುತ್ತಿದೆ. ಎರಡನೆಯ ಅಂಕಿ ಹತ್ತರಲ್ಲಿ ಒಂಬತ್ತು ಮುಟ್ಟದಿದ್ದರೆ ಹೊಸ ತಾಲ್ಲೂಕು ಬೇಡ, ನರ್ಸ್ ಬೇಕು. 30 ದಿನದೊಳಗಿನ ಮರುದಾಖಲಾತಿಯನ್ನೂ ಎಣಿಸಿ, ಆದರೆ ಖಾಸಗಿ ಆಸ್ಪತ್ರೆಗೆ ಹೋದವರನ್ನು ಬಿಟ್ಟು ಎಣಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಪ್ರತಿ ಕರೆಯಲ್ಲೂ ಕೇಳಿ ಬರೆಯಿರಿ. ಸಾವಿನ ಸುದ್ದಿ ಆಶಾ ಮೂಲಕ ಪಟ್ಟಿಗೆ ಬೇಗ ತಲುಪಲಿ. ತೀರಿಹೋದವರ ಮನೆಗೆ ‘ತೂಕ ಎಷ್ಟು’ ಎಂದು ಕರೆ ಹೋಗಬಾರದು.

ಗುಳೆ ಹೋಗುವವರಿಗೆ ಬೇರೆ ದಾರಿ ಬೇಕು. ಸುಗ್ಗಿ ಮುಗಿದ ಮೇಲೆ ಊರು ಬಿಡುವ ಕುಟುಂಬಗಳ ಪಟ್ಟಿ ಆಶಾಗೆ ಗೊತ್ತಿರುತ್ತದೆ. ಹೊರಡುವ ಮುಂಚೆ ಎರಡು ತಿಂಗಳ ಮಾತ್ರೆ, ಕಾರ್ಡಿನ ಜೆರಾಕ್ಸ್, ಹೊಸ ಊರಿನಲ್ಲಿ ಬಳಸುವ ಫೋನ್ ನಂಬರ್ ಆಗಬೇಕು. ತೂಕದ ಯಂತ್ರವೂ ಜೊತೆಗೆ ಹೋಗಲಿ. ಕಟ್ಟಡ ಕೆಲಸದ ಶೆಡ್‌ನಲ್ಲಿ ಸಮತಟ್ಟು ನೆಲ ಸಿಗದಿದ್ದರೆ ಯಂತ್ರದಡಿ ಒಂದು ಪ್ಲೈವುಡ್ ತುಂಡು ಹಾಕಿಕೊಳ್ಳಲು ಹೇಳಿ. ಕರೆಯ ದಿನ ಭಾನುವಾರಕ್ಕೆ ಬದಲಾಯಿಸಿ, ಉಳಿದ ದಿನ ಅವರು ಫೋನ್ ಎತ್ತುವುದಿಲ್ಲ.

ಆರು ತಿಂಗಳು ದಾಖಲಾಗದೆ, ಔಷಧದ ಪ್ರಮಾಣ ಸ್ಥಿರವಾಗಿ, ತೂಕ ತಾವೇ ನೋಡಿ ಹೆಚ್ಚುವರಿ ಮಾತ್ರೆಯ ನಿರ್ಧಾರ ತಾವೇ ತೆಗೆದುಕೊಳ್ಳಲು ಕಲಿತವರನ್ನು ತಿಂಗಳ ಕರೆಗೆ ಸರಿಸಬಹುದು. ಅವರ ಯಂತ್ರ ಹಿಂದಕ್ಕೆ ಪಡೆಯಬೇಡಿ. ಹೊಸ ರೋಗಿಗೆ ಹೊಸ ಯಂತ್ರ ಕೊಳ್ಳಿ, ಅದರ ಹಣವನ್ನು ವರ್ಷದ ಬೇಡಿಕೆಯಲ್ಲಿ ಮೊದಲೇ ಸೇರಿಸಿ, ಹತ್ತಕ್ಕೆ ಎರಡು ಹೆಚ್ಚುವರಿ ಯಂತ್ರ ಮತ್ತು ಒಂದು ಪೆಟ್ಟಿಗೆ ಸೆಲ್ ತಾಲ್ಲೂಕಿನ ಕಪಾಟಿನಲ್ಲಿರಲಿ.